ನಾನು ತಡೆದ ಕೈಗಳು

ನನ್ನ ಸೋದರಮಾವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಬಾಯಿಯೂ ಬರಲಿಲ್ಲ. ಇಳಕಲ್ಲಿನ ಅಜ್ಜನ ಮನೆಯಲ್ಲಿ ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದ. ಓಣಿಯವರು ಅವನನ್ನು ಮೂಗ ಅನ್ನುತ್ತಿದ್ದರು. ಆ ಹೆಸರಿಗೆ ನನ್ನ ತಕರಾರಿದೆ. ಮನೆಯಲ್ಲಿ ಅವನಷ್ಟು ಮಾತಾಡುವವರು ಬೇರೆ ಯಾರೂ ಇರಲಿಲ್ಲ. ನಮ್ಮಪ್ಪ ಧೋತರದ ಚುಂಗು ಹಿಡಿದು ಗತ್ತಿನಿಂದ ನಡೆಯುವುದನ್ನು ಅವನು ಎರಡೇ ಬೆರಳಲ್ಲಿ ಮಾಡಿ ತೋರಿಸಿದರೆ ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಹಾಸ್ಟೆಲಿನ ಕಿಟಕಿಯಲ್ಲಿ ಸಾಲಾಗಿದ್ದವು. ನಮ್ಮೂರು ಬದಾಮಿಯಿಂದ ಅವ್ವ ಬರೆಸಿದ ಕಾಗದ ಬಂತು. ಮಾವನನ್ನು ಪೊಲೀಸರು ಹಿಡಿದಿದ್ದಾರೆ.

ಆಗಿದ್ದಿಷ್ಟು. ಒಂದು ಮಂಗಳವಾರ ಮಧ್ಯಾಹ್ನ ನೂಲಿನ ವ್ಯಾಪಾರಿಯೊಬ್ಬರು ಅಮೀನಗಡಕ್ಕೆ ಮದುವೆಗೆ ಹೋಗಿದ್ದಾಗ ಅವರ ಮನೆಯಿಂದ ರೇಷ್ಮೆ ನೂಲು ಕಳುವಾಯಿತು. ಮರುದಿನ ಅದೇ ಓಣಿಯಲ್ಲಿ ಮಾವ ಹೊರಟಿದ್ದಾಗ ಹಿಂದಿನಿಂದ ಪೊಲೀಸಿನವ ನಿಲ್ಲು ಎಂದು ಕೂಗಿದ. ಮಾವ ನಿಲ್ಲಲಿಲ್ಲ. ಅವನ ಕೈಯಲ್ಲಿ ರೇಷ್ಮೆಯಿತ್ತು. ಇಳಕಲ್ಲಿನಲ್ಲಿ ರೇಷ್ಮೆ ಯಾರ ಕೈಯಲ್ಲಿರುವುದಿಲ್ಲ? ಆದರೆ ಪೊಲೀಸರು ತಮ್ಮ ದಾಖಲೆಯಲ್ಲಿ 'ಕೂಗಿದರೂ ಓಡಿದನು' ಎಂದು ಬರೆದರು. ಓಡುವವನೆಂದು ಜಾಮೀನೂ ಸಿಗಲಿಲ್ಲ.

ಹುನಗುಂದದ ಕೋರ್ಟಿನಲ್ಲಿ ಅವನ ಕೈಮಾತನ್ನು ತಿಳಿಸಿ ಹೇಳುವವರು ಬೇಕಾಯಿತು. ಅವ್ವ ತಾನು ನಿಲ್ಲುತ್ತೇನೆಂದಳು. ನಾನು ಬಿಡಲಿಲ್ಲ.

"ಯವ್ವಾ, ನೀ ಅಳಕೋತ ನಿಂತ್ರ ಕೇಸ್ ಕೆಡತೈತಿ. ಅಲ್ಲೆ ಹೆಂಗ ಮಾತಾಡಬೇಕು ನನಗ ಗೊತ್ತೈತಿ."

"ಮಾತಾಡಾಂವ ಅಂವಲೋ. ನೀ ಅಲ್ಲ."

"ಇದಕ್ಕs ನಿನ್ನ ಬ್ಯಾಡ ಅನ್ನೂದು. ಎಲ್ಲಾದಕ್ಕೂ ಒಂದು ಕೊಕ್ಕಿ ಹಾಕ್ತಿ."

ನಮ್ಮ ವಕೀಲರು ನಕ್ಕರು. "ಹುಡುಗ ಚುರುಕ ಅದಾನ್ರಿ ಅಕ್ಕಾರ, ಇರ್ಲಿ ಬಿಡ್ರಿ." ಆ ಚರ್ಚೆಯನ್ನು ನಾನು ಗೆದ್ದೆ.

ಜೈಲಿನಲ್ಲಿ ಮಾವನನ್ನು ಕಂಡಾಗ ವಕೀಲರ ಎದುರು ಅವನಿಗೆ ಒಂದೇ ಪ್ರಶ್ನೆ ಕೇಳಿದ್ದೆ, ಕದ್ದೆಯಾ ಅಂತ. ಇಲ್ಲ ಅಂದ. ಸಾಕು ಅಂದುಕೊಂಡೆವು. ಖರೆ ಹೇಳಬೇಕೆಂದರೆ ನನಗೆ ಗೊತ್ತಿದ್ದ ಕೈಮಾತು ಹತ್ತು ವರ್ಷದ ಹುಡುಗನದು: ಉಣ್ಣು, ಬಾ, ನಿದ್ದೆ, ಚೇಷ್ಟೆ. ಆದರೂ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು "ಇಲ್ಲಿ ನಡೆಯೋದೆಲ್ಲ ಇವನಿಗೆ ತಿಳೀತದೇನು?" ಎಂದಾಗ "ಎಲ್ಲಾ ತಿಳೀತದ್ರಿ ಸಾಹೇಬ್ರ" ಎಂದೆ. ಅದು ಹಾಗೆಯೇ ದಾಖಲಾಯಿತು.

ನಿನ್ನನ್ನು ಹಿಡಿದ ಹಿಂದಿನ ದಿನ, ಹೊತ್ತು ನೆತ್ತಿಯ ಮೇಲಿದ್ದಾಗಿನಿಂದ ದೀಪ ಹಚ್ಚುವ ತನಕ, ಎಲ್ಲಿದ್ದೆ? ಕೋರ್ಟಿನ ಈ ಪ್ರಶ್ನೆಯನ್ನು ಹೇಗೋ ಕೈಮಾತಿನಲ್ಲಿ ಕೇಳಿದೆ. ಮಾವನ ಮುಖ ಅರಳಿತು. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಏನೋ ಹೊಸೆದ, ಎಳೆದ. ಮತ್ತೆ ಹೊಸೆದ, ಎಳೆದ. ಗದ್ದ ಮುಟ್ಟಿಕೊಂಡ. ಎದುರಿಗೆ ಯಾರೋ ಕೂತಂತೆ ತೋರಿಸಿದ. ಮತ್ತೆ ಹೊಸೆಯತೊಡಗಿದ.

"ಏನಂತಾನೆ?" ಮ್ಯಾಜಿಸ್ಟ್ರೇಟರು ಕೇಳಿದರು.

"ಮನೆಯಲ್ಲಿ ನೇಯುತ್ತಿದ್ದೆ ಅಂತಾನ್ರಿ."

ಮಾವ ನಿಲ್ಲಿಸಲಿಲ್ಲ. ಮುಖ್ಯ ಅಂಶ ಹೇಳು, ಉಳಿದದ್ದು ಬಿಡು. ಚರ್ಚೆಯಲ್ಲಿ ನಾನು ಕಲಿತದ್ದು ಅದು. ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು. ನಾನು ಮಾವನ ಎರಡೂ ಕೈ ಹಿಡಿದು ಕೆಳಗಿಳಿಸಿದೆ. ಬೇರೆಯವರ ಬಾಯಿಯ ಮೇಲೆ ಹಾಗೆ ಕೈ ಇಟ್ಟಿದ್ದರೆ ಕೋರ್ಟೇ ಗದರಿಸುತ್ತಿತ್ತು. ಇಲ್ಲಿ ಗುಮಾಸ್ತರು ನನ್ನ ಉತ್ತರವನ್ನಷ್ಟೇ ಬರೆದುಕೊಂಡರು. ಬಾಗಿಲ ಹತ್ತಿರ ಕೂತಿದ್ದ ಅವ್ವನಿಗೆ ತಮ್ಮನ ಬೆನ್ನಷ್ಟೇ ಕಾಣುತ್ತಿತ್ತು.

ಇಳಕಲ್ಲಿಗೆ ಮರಳುವ ಬಸ್ಸಿನಲ್ಲಿ ಅವಳು ಕೇಳಿದಳು, "ಏನೇನ್ ಅಂದ, ಮಾಡಿ ತೋರಸು." ತೋರಿಸಿದೆ. ಅವಳು ನನ್ನ ಬೆರಳುಗಳನ್ನೇ ನೋಡಿದಳು.

"ಇದು ನೇಯೂದಲ್ಲೋ. ಸೆರಗು ಕೂಡಸೂದು. ಗದ್ದ ಮುಟಗೊಂಡನೇನು?"

"ಹೂಂ."

"ಹಚ್ಚಿ ಮುದುಕಿ." ಎದುರು ಮನೆಯ, ಗದ್ದದ ಮೇಲೆ ಹಚ್ಚೆಯಿದ್ದ ಅಜ್ಜಿ.

ಇಳಕಲ್ ಸೀರೆಯ ಒಡಲಿನ ನೂಲೇ ಬೇರೆ, ಸೆರಗಿನ ರೇಷ್ಮೆಯೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅಜ್ಜನ ಮನೆಯಲ್ಲಿ ಅದಕ್ಕೆ ಎದುರುಬದುರು ಇಬ್ಬರು ಕೂಡುತ್ತಿದ್ದರು. ಕೂಡಿಸುವ ದಿನ ಮಗ್ಗ ಆಡುತ್ತಿರಲಿಲ್ಲ. ಮಾವನಿಗೆ ವಾರಗಳ ಲೆಕ್ಕ ಇರಲಿಲ್ಲ. ಮಗ್ಗಕ್ಕೆ ಸೀರೆ ಏರಿಸಿದ ದಿನ, ಸೆರಗು ಕೂಡಿಸಿದ ದಿನ, ಸೀರೆ ಇಳಿಸಿದ ದಿನ, ಅದೇ ಅವನ ಪಂಚಾಂಗ. ಎಲ್ಲಿದ್ದೆ, ಯಾರ ಜೊತೆ ಇದ್ದೆ ಎಂಬುದನ್ನೆಲ್ಲ ಅವನು ಕೋರ್ಟಿಗೆ ಹೇಳಿ ಮುಗಿಸಿದ್ದ.

ವಕೀಲರು ಅರ್ಜಿ ಹಾಕಿ ಅಜ್ಜಿಯನ್ನು ಸಾಕ್ಷಿಗೆ ಕರೆಸಿದರು.

"ಅವತ್ತು ವಾರ ಯಾವುದಮ್ಮ?" ಸರ್ಕಾರಿ ವಕೀಲರು ಕೇಳಿದರು.

"ವಾರ ನನಗೇನ್ ಗೊತ್ರೀ. ಕೆಂಪು ಸೆರಗು ಕೂಡಿಸಿದ ದಿನಾ. ಮರುದಿನಾನs ಇಂವನ್ನ ಒಯ್ದ್ರಲ್ರೀ."

"ಸೆರಗು ಕೂಡಿಸುವಾಗ ನೇಯೋಕ್ಕಾಗ್ತದೇನು?"

ಅಜ್ಜಿ ಅವರನ್ನು ಕನಿಕರದಿಂದ ನೋಡಿದಳು. "ಅದ್ಹೆಂಗ ಆಕ್ಕೈತ್ರೀ, ನಿಮ್ಮನ್ಯಾಗ ಮಗ್ಗಾ ನೋಡಿಲ್ಲೇನು?" ಕೋರ್ಟು ನಕ್ಕಿತು. ಸರ್ಕಾರಿ ವಕೀಲರೂ ನಕ್ಕು ಮ್ಯಾಜಿಸ್ಟ್ರೇಟರ ಕಡೆ ತಿರುಗಿದರು. ನೇಯುತ್ತಿದ್ದೆ ಎಂದು ಆರೋಪಿಯೇ ಹೇಳಿಕೆ ಕೊಟ್ಟಿದ್ದಾನೆ. ಈಗ ಈಕೆ ಬೇರೆ ಹೇಳುತ್ತಾಳೆ. ಎರಡರಲ್ಲಿ ಒಂದು ಸುಳ್ಳು.

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಎದ್ದು ನಿಂತು, ತಪ್ಪು ನನ್ನದು, ನೇಯುತ್ತಿದ್ದೆ ಅನ್ನುವುದು ನನ್ನ ಮಾತು, ಅವನದಲ್ಲ ಎಂದೆ. ಮನೆಯವನು, ಮಾವನನ್ನು ಬಿಡಿಸಲು ಈಗ ಮಾತು ತಿರುಗಿಸುತ್ತಾನೆ ಅಂದರು ಸರ್ಕಾರಿ ವಕೀಲರು. ಮ್ಯಾಜಿಸ್ಟ್ರೇಟರು ಅದನ್ನೇ ಒಪ್ಪಿದರು.

ಆರು ತಿಂಗಳ ಶಿಕ್ಷೆಯಾಯಿತು. ಕರೆದೊಯ್ಯುವಾಗ ಮಾವ ನನ್ನ ಕಡೆ ತಿರುಗಿ ಅಂಗೈ ಮೇಲೆ ಮಾಡಿದ. ಏನಾಯಿತು ಎಂದು ಕೇಳುತ್ತಿದ್ದ. ಎಲ್ಲಾ ತಿಳೀತದ್ರಿ ಎಂದು ನಾನು ಬರೆಸಿದ್ದೆನಲ್ಲ, ತೀರ್ಪನ್ನು ಅವನಿಗೆ ಹೇಳುವ ಕೆಲಸವನ್ನು ಯಾರೂ ಮಾಡಿರಲಿಲ್ಲ. ಕೈಯೆತ್ತಿದೆ. ಆರು ತಿಂಗಳನ್ನು ತೋರಿಸುವುದು ನನಗೆ ಬರಲಿಲ್ಲ. ಎಷ್ಟು ಸೀರೆ ಅಂತ ಹೇಳಬೇಕಿತ್ತೋ ಏನೋ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಅವನೆದುರು ನಿಂತಳು. ಅಳಲಿಲ್ಲ. ನಿಧಾನವಾಗಿ, ಬೆರಳು ಬೆರಳಾಗಿ, ಎಲ್ಲವನ್ನೂ ಹೇಳಿದಳು.

ಬಿಟ್ಟು ಬಂದ ಮೇಲೂ ಓಣಿಯಲ್ಲಿ ಏನು ಕಳೆದರೂ ಪೊಲೀಸರು ಮೊದಲು ಅಜ್ಜನ ಮನೆಯ ಬಾಗಿಲಿಗೇ ಬರುತ್ತಾರೆ. ಮಾವ ಮಗ್ಗದಿಂದೆದ್ದು ಅಂಗಿ ಹಾಕಿಕೊಳ್ಳುತ್ತಾನೆ. ಸುದ್ದಿ ಮುಟ್ಟಿದೊಡನೆ ಅವ್ವ ಬದಾಮಿಯಿಂದ ಬಸ್ಸು ಹಿಡಿಯುತ್ತಾಳೆ. ಆ ಬಸ್ಸು ನಾನಿರುವ ಬಾಗಲಕೋಟೆಯ ಮೇಲೆಯೇ ಹೋಗುತ್ತದೆ. ನನ್ನನ್ನು ಕರೆಯಲು ಇಳಿಯುವುದಿಲ್ಲ.