ಮೂರು ದಿನದಲ್ಲಿ ನಾನು ಮೆಕ್ಯಾನಿಕ್ ಆದದ್ದು

ಕರೆಂಟಿನ ಕಾರು ಅಂಕೋಲಾಕ್ಕೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಹೇಳಿದವನು ನನ್ನ ಅಣ್ಣ. "ನಾಕ್ ಹನಿ ಮಳೆ ಬಿದ್ರೆ ಮನೆ ಬಲ್ಬೇ ಉರೂದಿಲ್ಲ, ಇನ್ನು ಕಾರು ಓಡ್ತದ್ಯೇನೆ?" ಎಂದು ನಗುತ್ತಿದ್ದ. ಬೊಬ್ರುವಾಡದ ರಸ್ತೆ ಬದಿಯಲ್ಲಿ ಅವನ ಗ್ಯಾರೇಜು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ಅಪ್ಪನ ಗದ್ದೆಯಲ್ಲಿ ಇಬ್ಬರನ್ನು ಓದಿಸುವಷ್ಟು ಬೆಳೆಯುತ್ತಿರಲಿಲ್ಲ. ಒಬ್ಬರು ಬಿಡಬೇಕಿತ್ತು, ಅವನು ಬಿಟ್ಟ. ನಾನು ನಸುಕಿನಲ್ಲೇ ಅವ್ವಿಯ ಜೊತೆ ಹರಿವೆ ಸೊಪ್ಪಿನ ಬುಟ್ಟಿ ಹೊತ್ತು ಪೇಟೆಗೆ ನಡೆದು, ಅಲ್ಲಿಂದಲೇ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಅದೇ ಮೊದಲ ಡಿಗ್ರಿ. ಈ ಮಾತು ಹೇಳುವಾಗ ಈಗಲೂ ನನ್ನ ದನಿ ಸ್ವಲ್ಪ ಜೋರಾಗುತ್ತದೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಅಣ್ಣ ಎಷ್ಟೇ ನಕ್ಕರೂ ಸರ್ಕಾರ ಯೋಜನೆ ಹಾಕಿಯೇಬಿಟ್ಟಿತು. ಹಳೆಯ ಸರ್ಕಾರಿ ಜೀಪುಗಳೆಲ್ಲ ಗುಜರಿಗೆ, ಅವುಗಳ ಜಾಗಕ್ಕೆ ಎಲೆಕ್ಟ್ರಿಕ್ ಕಾರು. ಅಣ್ಣನ ಗ್ಯಾರೇಜು ನಡೆಯುತ್ತಿದ್ದದ್ದೇ ಆ ಜೀಪುಗಳಿಂದ. ಹೊಸ ಕಾರುಗಳ ರಿಪೇರಿ ಸಿಗುವುದು ಯಾರಿಗೆಂದರೆ, ಕಾರವಾರದಲ್ಲಿ ಮೂರು ದಿನದ ತರಬೇತಿ ಪಡೆದವರು ಒಬ್ಬರಾದರೂ ಇರುವ ಗ್ಯಾರೇಜಿಗೆ. ಅಣ್ಣನ ನಗು ನಿಂತಿತು.

ಅರ್ಜಿ ಕೊಡಲು ನಾನೇ ಅವನನ್ನು ಕರೆದುಕೊಂಡು ಹೋದೆ. ತರಬೇತಿ ನಡೆಸುವ ಕಚೇರಿಯ ಸಾಹೇಬರು ಅವನ ಕೈ ನೋಡಲಿಲ್ಲ, ಕಾಗದ ನೋಡಿದರು.

"ಹತ್ತನೇ ಕ್ಲಾಸ್ ಪಾಸಾಗಿರಬೇಕು."

"ಸರ್, ಇಪ್ಪತ್ತೈದು ವರ್ಷದಿಂದ ಗಾಡಿ ಬಿಚ್ತಾ ಇದ್ದಾನೆ," ಎಂದೆ.

"ಅದಕ್ಕೆ ಕಾಲಂ ಇಲ್ಲಮ್ಮ. ನೀವೇನು ಓದಿದ್ದೀರಿ?"

"ಬಿ.ಎ. ಇತಿಹಾಸ."

"ಹಾಗಾದ್ರೆ ನೀವು ಅರ್ಹರು."

ಸ್ಕೂಟರಿನ ಗಾಳಿ ಹೋದರೆ ಅಣ್ಣನನ್ನು ಕೂಗುವವಳು ನಾನು. ಆದರೂ ನಾನೇ ಅರ್ಹಳು. ಈ ಯೋಜನೆ ಬರೆದವರು ಬುದ್ಧಿವಂತರೇ ಇರಬೇಕು. ಅವರೂ ನನ್ನ ಹಾಗೆ ಡಿಗ್ರಿ ಮಾಡಿದವರಲ್ಲವೇ.

ಅಣ್ಣನ ಗ್ಯಾರೇಜಿನ ಪರವಾಗಿ ನನ್ನ ಹೆಸರನ್ನೇ ಕೊಟ್ಟು, ಸೊಸೈಟಿಯಲ್ಲಿನ ನನ್ನ ಗುಮಾಸ್ತಿಕೆಗೆ ಮೂರು ದಿನ ರಜೆ ಹಾಕಿದೆ. ಮೊದಲ ದಿನ ದೀಪ ಬೆಳಗಿದರು, ಭಾಷಣ ಮಾಡಿದರು, ಊಟ ಚೆನ್ನಾಗಿತ್ತು. ಎರಡನೇ ದಿನ ಪರದೆಯ ಮೇಲೆ ಕಾರಿನ ಚಿತ್ರ ಮೂಡುವಷ್ಟರಲ್ಲಿ ಕರೆಂಟು ಹೋಯಿತು. ಹುಬ್ಬಳ್ಳಿಯಿಂದ ಬಂದ ತರಬೇತುದಾರರು ಬೆರಳಿನಿಂದ ಗಾಳಿಯಲ್ಲೇ ಮೋಟಾರು ಬರೆದು ತೋರಿಸಿದರು. ಘಾಟಿ ಇಳಿಯುವಾಗ ಈ ಕಾರಿನ ಬ್ಯಾಟರಿ ತಾನಾಗಿಯೇ ಚಾರ್ಜ್ ಆಗುತ್ತದೆ ಎಂದೂ ಹೇಳಿದರು. ಸಂಜೆ ಬಂದು ಎಲ್ಲವನ್ನೂ ಅಣ್ಣನಿಗೆ ಓದಿ ಹೇಳುತ್ತಿದ್ದೆ. ನಾನು ಬರೆದುಕೊಂಡದ್ದು ನನಗೆ ತಿಳಿಯುತ್ತಿರಲಿಲ್ಲ, ಅವನಿಗೆ ತಿಳಿಯುತ್ತಿತ್ತು.

ಮೂರನೇ ದಿನ ಪ್ರಯೋಗಕ್ಕೆ ಕಾರು ಬಂತು. ಅರಬೈಲ್ ಘಾಟಿ ಇಳಿದೇ ಬಂತು, ಲಾರಿಯ ಬೆನ್ನ ಮೇಲೆ ಕೂತು.

ಕೆಳಗಿಳಿಸಿದ ಮೇಲೆ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತರಬೇತುದಾರರು "ಸಾಫ್ಟ್‌ವೇರ್ ಪ್ರಾಬ್ಲಮ್" ಎಂದು ಬೆಂಗಳೂರಿಗೆ ಫೋನು ಹಚ್ಚಿದರು. ಸಾಹೇಬರು ಮಾತ್ರ ಸಮಯ ಹಾಳುಮಾಡುವವರಲ್ಲ. ಪ್ರಯೋಗ ಯಶಸ್ವಿಯಾಗಿ ಮುಗಿಯಿತೆಂದು ಎಲ್ಲರಿಂದ ಸಹಿ ಹಾಕಿಸತೊಡಗಿದರು. ನಾನು ಗೇಟಿನತ್ತ ಹೋದೆ. ನನ್ನನ್ನು ಕರೆದೊಯ್ಯಲು ಅಣ್ಣ ಯಾರೋ ಗಿರಾಕಿಯ ಜೀಪು ತಂದು ನಿಂತಿದ್ದ.

"ಒಂದ್ಸಲ ಬಂದು ನೋಡು," ಎಂದೆ.

"ನಾ ಯಂತಕೆ? ಕಲ್ತವಳು ನೀನಲ್ವೆ, ನೀನೇ ಮಾಡು."

"ಅಣ್ಣಾ, ಚೇಷ್ಟೆ ಸಾಕು. ಬಾ."

"ಇವರು ಪಟ್ಟಿಯಲ್ಲಿಲ್ಲ," ಎಂದು ಸಾಹೇಬರು ತಡೆದರು.

"ಕಾರೂ ಚಾಲೂ ಇಲ್ಲ ಸರ್," ಎಂದೆ. ಬಿಟ್ಟರು.

ಅಣ್ಣ ಬಾನೆಟ್ ಎತ್ತಿ ಬಗ್ಗಿದ. ಕಾರು ಓಡಿಸುವ ದೊಡ್ಡ ಬ್ಯಾಟರಿಯ ಗೋಜಿಗೇ ಹೋಗಲಿಲ್ಲ. ಮೂಲೆಯಲ್ಲಿ, ಎಲ್ಲ ಗಾಡಿಗಳಲ್ಲಿ ಇರುವಂಥದೇ ಒಂದು ಸಣ್ಣ ಬ್ಯಾಟರಿ ಇತ್ತು. "ಇದು ಸತ್ತದೆ. ಇದು ಎದ್ರೆ ಮಾತ್ರ ದೊಡ್ಡದು ಏಳ್ತದೆ," ಎಂದ. ಜೀಪನ್ನು ಹತ್ತಿರ ತಂದು, ಅದರ ಬ್ಯಾಟರಿಯಿಂದ ಇದಕ್ಕೆ ಎರಡು ವಾಯರ್ ಎಳೆದ. ಡೀಸೆಲ್ ಜೀಪು ಕರಿ ಹೊಗೆ ಬಿಟ್ಟಿತು, ಕರೆಂಟಿನ ಕಾರಿನ ದೀಪ ಹೊತ್ತಿತು. ಹೊಗೆಯಿಲ್ಲದ ನಾಳೆಗಾಗಿ ಎಲ್ಲರೂ ಕೆಮ್ಮುತ್ತ ಚಪ್ಪಾಳೆ ತಟ್ಟಿದರು.

"ಸರ್ಟಿಫಿಕೇಟು ಇವನ ಹೆಸರಿಗೆ ಬರೀರಿ ಸರ್," ಎಂದೆ.

"ನೀವು ಹೇಳೋದು ಸರಿ ಅಮ್ಮ. ಆದ್ರೆ ಪ್ರಿಂಟಾಗಿ ಬಂದುಬಿಟ್ಟಿದೆ."

"ಯಾವಾಗ?"

"ಮೊದಲನೇ ದಿನವೇ."

ನನ್ನ ಹೆಸರಿನ ಕೆಳಗೆ 'ಪರಿಣತ ತಂತ್ರಜ್ಞೆ' ಎಂದಿತ್ತು. ಕಚೇರಿಯ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆಯುವಾಗ, ನಡುವೆ ಬರಬಾರದೆಂದು ಯಾರೋ ಅಣ್ಣನನ್ನು ಪಕ್ಕಕ್ಕೆ ಸರಿಸಿದರು. ಅದೊಂದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೆಟ್ಟಿಲಿಳಿದು ನೇರ ಬಂದು ಆ ಕಾಗದವನ್ನು ಅವನ ಕೈಗಿಟ್ಟೆ.

"ಗ್ಯಾರೇಜಿಗೆ ಕೆಲಸ ಸಿಗ್ತದೆ. ನನ್ನ ಹೆಸರಿದ್ರೂ ಇದು ನಿಂದೇ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು, ಒಂದೊಂದೇ ಅಕ್ಷರ ಓದಿದ.

"ನಂದು ಹ್ಯಾಂಗ್ ಆಗ್ತದೆ? ಸರ್ಕಾರ ನಿನ್ನೇ ಮೆಕ್ಯಾನಿಕ್ ಅಂದದೆ. ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಬಾ ತಂಗಿ, ಮೊದ್ಲು ಚಕ್ರ ಬಿಚ್ಚೂದ್ ಕಲಿಸ್ತೆ. ಹಳೇ ಬಟ್ಟೆ ಹಾಕ್ಕಂಡ್ ಬಾ."