ಗುಡ್ಡ ಇಳಿಯುವಾಗ ಬಿಟ್ಟ ಗೇರು

ಗುಡ್ಡ ಇಳಿಯುವ ಮೊದಲು ಗಾಡಿಯನ್ನು ಪೂರ್ತಿ ನಿಲ್ಲಿಸಬೇಕು. ಡ್ರೈವಿಂಗ್ ಕಲಿಯಲು ಬಂದವರಿಗೆಲ್ಲ ಮಕ್ತಲಿನ ಆದೆಪ್ಪ ಹೇಳುತ್ತಿದ್ದ ಮೊದಲ ಮಾತು ಇದು. ನಿಲ್ಲಿಸಿ, ಮೊದಲ ಗೇರಿಗೆ ಹಾಕಿ, ಆಮೇಲೆ ಇಳಿಯಬೇಕು. ಎಂಜಿನ್ ಬಂದ್ ಮಾಡಬಾರದು. ಪೆಟ್ರೋಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬಾರದು. ಬ್ರೇಕನ್ನು ಒತ್ತಿಯೇ ಹಿಡಿಯಬಾರದು. ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು, ಇಲ್ಲದಿದ್ದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ನಡುವೆ ಮೂವತ್ತೊಂದು ವರ್ಷ ಬಸ್ ಓಡಿಸಿ ಒಂದು ಕೋಳಿಯ ಮೇಲೂ ಗಾಲಿ ಹಾಯಿಸದ ಮನುಷ್ಯ ಹೇಳುತ್ತಿದ್ದಾನೆಂದು ಜನ ನಂಬುತ್ತಿದ್ದರು. ಆದರೆ ಈ ಮಾತುಗಳನ್ನು ಹೇಳುವಾಗ ಆದೆಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅದಕ್ಕೆ ಹತ್ತು ವರ್ಷಗಳ ಹಿಂದಿನ ಕಾರಣವೊಂದಿತ್ತು.

ನಾರಾಯಣಪೇಟೆಯ ಸೀರೆ ವ್ಯಾಪಾರಿ ಶಿವಕಾಂತನ ಮನೆಯಲ್ಲಿ ಒಂದು ಹಳೆಯ ವಿಲಾಯತಿ ಕಾರು ಇತ್ತು. ನಿಜಾಮರ ಕಾಲದಲ್ಲಿ ಅವನ ಅಜ್ಜ ಗದ್ವಾಲಿನ ಒಬ್ಬ ಅಧಿಕಾರಿಯಿಂದ ಕೊಂಡದ್ದು. ಮೇಲೆ ಬಟ್ಟೆಯ ಮಾಡು, ಕಟ್ಟಿಗೆಯ ಕಡ್ಡಿಗಳ ಗಾಲಿ, ಹೊರಗೆ ನಿಂತ ಗೇರಿನ ಕೋಲು. ಬ್ರೇಕ್ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಕಾಲಿನಿಂದ ಒತ್ತಿದರೆ ಕಾರಿನ ಹೊಟ್ಟೆಯ ಕೆಳಗೆ ಹಾದುಹೋದ ಒಂದು ಕಬ್ಬಿಣದ ಸರಳು ಎಳೆದು ಹಿಡಿಯುತ್ತಿತ್ತು, ಅಷ್ಟೇ. ಆ ಕಾರಿಗೆ ಏರು ದೊಡ್ಡ ಮಾತಲ್ಲ, ಇಳಿಜಾರೇ ಪರೀಕ್ಷೆ. ಇಳಿಯುವಾಗ ಅದನ್ನು ತಡೆದು ಹಿಡಿಯುವುದು ಬ್ರೇಕಲ್ಲ, ಮೊದಲ ಗೇರಿನಲ್ಲಿರುವ ಎಂಜಿನ್. ಆ ಗೇರಿನಿಂದ ನಡುದಾರಿಯಲ್ಲಿ ಒಮ್ಮೆ ಹೊರಗೆ ಬಂದರೆ, ಗಾಡಿ ಓಡುತ್ತಿರುವಾಗ ಹಲ್ಲುಗಳು ಮತ್ತೆ ಕೂಡುವುದಿಲ್ಲ. ಆ ಪ್ರದೇಶದಲ್ಲಿ ಇದನ್ನು ಸರಿಯಾಗಿ ತಿಳಿದಿದ್ದವನು ಆದೆಪ್ಪ ಒಬ್ಬನೇ.

ಎರಡು ಸಾವಿರದ ಹದಿನಾಲ್ಕರ ಜೂನ್ ಎರಡರಂದು ತೆಲಂಗಾಣ ಬೇರೆ ರಾಜ್ಯವಾಯಿತು. ಅಂದು ಮರಿಕಲ್ ಕಡೆಯ ಬೀರಪ್ಪನ ಗುಡ್ಡದ ಮೇಲೆ ಬಾವುಟ ಏರಿಸಬೇಕೆಂದು ಸುತ್ತಲಿನವರು ಮೊದಲೇ ಗೊತ್ತು ಮಾಡಿದ್ದರು. ತನ್ನ ಎಪ್ಪತ್ತೆಂಟು ವರ್ಷದ ತಾಯಿ ಚನ್ನವೀರಮ್ಮನನ್ನು ಕೂರಿಸಿಕೊಂಡು ಅಜ್ಜನ ಕಾರಿನಲ್ಲೇ ಗುಡ್ಡ ಹತ್ತಬೇಕೆಂಬುದು ಶಿವಕಾಂತನ ಆಸೆ. ಆಗಷ್ಟೇ ನಿವೃತ್ತನಾಗಿದ್ದ ಆದೆಪ್ಪನನ್ನು ಕರೆಸಿದ.

ಆದೆಪ್ಪ ಎರಡು ವಾರ ಮೊದಲೇ ಕೆಲಸಕ್ಕೆ ಕೂತ. ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆ ಹಿಡಿದು ಗುಡ್ಡದ ದಾರಿ ಅಳೆದ. ಅತಿ ಕಡಿದಾದ ಕಡೆ ಏಳು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಬ್ರೇಕಿನ ಹಳೆಯ ಸರಳು ತುಕ್ಕು ತಿಂದಿದ್ದರಿಂದ ಮಕ್ತಲಿನ ಕಮ್ಮಾರ ತಾಯಣ್ಣನಿಂದ ಹೊಸದನ್ನು ಬಡಿಸಿದ. ತಾಯಣ್ಣನ ಕೈ ಎಂದರೆ ಸುತ್ತ ಹೆಸರು. ಕುರಿಗಾರರು ಉಣ್ಣೆ ಕತ್ತರಿಗೆ ಮಾಗನೂರಿನಿಂದಲೂ ಅವನ ಕುಲುಮೆಗೇ ಬರುತ್ತಿದ್ದರು. ಹಾಗಿದ್ದರೂ ಆದೆಪ್ಪ ಆ ಸರಳನ್ನು ಬೇವಿನ ಟೊಂಗೆಗೆ ಕಟ್ಟಿ, ಐವತ್ತು ಕಿಲೋದ ನಾಲ್ಕು ಅಕ್ಕಿ ಚೀಲ ತೂಗುಹಾಕಿ, ಒಂದು ರಾತ್ರಿ ಒಂದು ಹಗಲು ಬಿಟ್ಟ. ಮರುದಿನ ಅಳೆದರೆ ಕೂದಲೆಳೆಯಷ್ಟೂ ಉದ್ದವಾಗಿರಲಿಲ್ಲ.

"ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ ಬಿಡಣ್ಣ" ಎಂದು ತಾಯಣ್ಣ ನಕ್ಕಿದ್ದ.

ಏರುವುದು ಸುಸೂತ್ರವಾಯಿತು. ಬಾವುಟ ಹಾರಿತು, ಡೊಳ್ಳು ಬಾರಿಸಿದರು, ಭಂಡಾರ ಎರಚಿದರು. ಇಳಿಯುವಾಗ ಆದೆಪ್ಪ ತನ್ನ ನೇಮದಂತೆ ಗಾಡಿ ನಿಲ್ಲಿಸಿ ಮೊದಲ ಗೇರಿಗೆ ಹಾಕಿದ. ಕುರಿಗಾರ ಕುರುಮಯ್ಯ ಗಾಲಿಗೆ ಅಡ್ಡ ಕೊಡಲು ಮರದ ತುಂಡೊಂದನ್ನು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ. ಹಿಂದೆ ಮುನ್ನೂರು ಜನ. ಎಂಜಿನ್ ಅರಚುತ್ತಿತ್ತು, ಆ ಗೇರಿನಲ್ಲಿ ಅದು ಅರಚಲೇಬೇಕು. ಕಾರು ನಡೆಯುವವರಿಗಿಂತಲೂ ನಿಧಾನವಾಗಿ ತೆವಳುತ್ತಿತ್ತು.

ಶಿವಕಾಂತ ಹಿಂದಿನ ಸೀಟಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದ: "ಆದೆಪ್ಪಣ್ಣ, ಹೊಸಾ ರಾಜ್ಯ ಬಂದೈತಿ, ಎಲ್ಲಾರೂ ನಗಾಕತ್ತಾರ. ನಿನ್ನ ಗಾಡಿ ಒಂದ ಯಾಕ ಅಳಾಕತ್ತೈತಿ?"

ಜನ ಗೊಳ್ಳೆಂದು ನಕ್ಕರು. ಮೂವತ್ತೊಂದು ವರ್ಷ ಬಸ್ಸಿನ ಹಿಂದಿನ ಸೀಟಿನ ಕೂಗಾಟಕ್ಕೆಲ್ಲ ಕಿವಿಗೊಡದ ಆದೆಪ್ಪನಿಗೆ ಅಂದು ಆ ನಗು ಏಕೋ ನಾಟಿತು. ಕಡಿದಾದ ಭಾಗ ಮುಗಿಯಲು ಇನ್ನು ಐವತ್ತು ಗಜ ಇರಬಹುದು. ಅವನು ಕ್ಲಚ್ ತುಳಿದು ಎರಡನೇ ಗೇರಿಗೆ ಎಳೆದ.

ಗೇರು ಬೀಳಲಿಲ್ಲ. ಹಲ್ಲು ಹಲ್ಲು ಕಚ್ಚಾಡಿದ ಸದ್ದು ಬಂತು, ಅಷ್ಟರಲ್ಲಿ ಕಾರು ವೇಗ ಹಿಡಿದಿತ್ತು. ಮೊದಲ ಗೇರಿಗೆ ಮರಳಿ ಹಾಕಲು ನೋಡಿದ, ಅದೂ ಬೀಳಲಿಲ್ಲ. ಬ್ರೇಕನ್ನು ಇಡೀ ಮೈಭಾರ ಹಾಕಿ ಒತ್ತಿದ. ಸರಳು ಎಳೆಯಿತು, ಹಿಡಿಯಿತು, ಸುಟ್ಟ ವಾಸನೆ ಬಂತು, ಆದರೆ ಆ ಇಳಿಜಾರಿನಲ್ಲಿ ಎರಡು ಗಾಲಿಯ ಬ್ರೇಕ್ ಅಷ್ಟು ಭಾರವನ್ನು ಹಿಡಿಯಲಾರದು. ಕುರುಮಯ್ಯ ಓಡಿಬಂದು ಮರದ ತುಂಡನ್ನು ಗಾಲಿಗೆ ಅಡ್ಡ ತಳ್ಳಿದ. ತುಂಡು ಜಾರಿತು, ಗಾಲಿ ಅವನ ಬಲಗಾಲ ಪಾದದ ಮೇಲೆ ಹಾಯಿತು. ಕಾರು ತಿರುವಿನ ಬಂಡೆಯ ಮೇಲೆ ಹೊಟ್ಟೆಯೂರಿ ನಿಂತಿತು.

ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ಜನ ಬಗ್ಗಿ ನೋಡಿದಾಗ ಬ್ರೇಕಿನ ಸರಳು ತುಂಡಾಗಿ ನೇತಾಡುತ್ತಿತ್ತು. ಅದು ಬಂಡೆಗೆ ಬಡಿದು ಬಾಗಿ ಮುರಿದದ್ದು. ಆದೆಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. ಎಳೆತಕ್ಕೆ ತುಂಡಾದ ಕಬ್ಬಿಣ ಬಾಗಿರುವುದಿಲ್ಲ. ಶಿವಕಾಂತ ಕೇಳಿದ, ಬ್ರೇಕಿನ ಸರಳು ಕಡೀತೇನು ಎಂದು.

ಆದೆಪ್ಪ "ಹೂಂ" ಎಂದ.

ಅಷ್ಟೇ ಅವನು ಅಂದದ್ದು. ಉಳಿದದ್ದನ್ನೆಲ್ಲ ಊರೇ ಹೇಳಿತು. ಬ್ರೇಕ್ ಹೋದ ಕಾರನ್ನು ಬಂಡೆಗೆ ಆನಿಸಿ ಎರಡು ಜೀವ ಉಳಿಸಿದ ಎಂದು ಅದೇ ಗುಡ್ಡದ ಬುಡದಲ್ಲಿ ಅವನಿಗೆ ಶಾಲು ಹೊದಿಸಿದರು. ತಾಯಣ್ಣನ ಕಬ್ಬಿಣ ಕೈಕೊಟ್ಟಿತು ಎಂಬ ಮಾತು ನಾರ್ವ ಊರಿನ ತನಕ ಹೋಯಿತು.

ಮೂರನೆಯ ದಿನ ತಾಯಣ್ಣ ಆದೆಪ್ಪನ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಮುರಿದ ಸರಳನ್ನು ಒಮ್ಮೆ ತೋರಿಸು, ಎಲ್ಲಿ ತಪ್ಪಿದೆ ನೋಡುತ್ತೇನೆ ಎಂದು ಕೇಳಿದ. ಗುಜರಿಗೆ ಹಾಕಿಬಿಟ್ಟೆ ಎಂದ ಆದೆಪ್ಪ. ಗುಡ್ಡದಿಂದಲೇ ಬಿಚ್ಚಿ ತಂದಿದ್ದ ಸರಳು ಆಗ ಅವನ ಮಂಚದ ಕೆಳಗೆ ಗೋಣಿಯಲ್ಲಿತ್ತು. ಮರುವಾರ ಗದ್ವಾಲಿಗೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲಿಂದ ಅದನ್ನು ಕೃಷ್ಣೆಗೆ ಬಿಟ್ಟ. ಕೈ ಹಗುರಾದಾಗ ಎದೆಯೂ ಹಗುರಾದೀತೆಂದು ಎಣಿಸಿದ್ದ. ಹಾಗಾಗಲಿಲ್ಲ.

ಕುರುಮಯ್ಯನ ಪಾದದ ಮೂರು ಎಲುಬು ಮುರಿದಿದ್ದವು. ಕೂಡಿದವು, ಆದರೆ ಸೊಟ್ಟಗೆ. ಕುರಿ ಹಿಂದೆ ದೂರದ ಊರುಗಳಿಗೆ ನಡೆಯುವುದು ನಿಂತುಹೋಗಿ, ಹಟ್ಟಿಯಲ್ಲಿ ಕೂತು ಕಂಬಳಿಯ ನೂಲು ತೆಗೆಯುವುದಷ್ಟೇ ಅವನ ಪಾಲಿಗೆ ಉಳಿಯಿತು. ಅವನ ಮುಖ ನೋಡಿ ಕುರಿಗಾರರು ತಾಯಣ್ಣನ ಕುಲುಮೆಗೆ ಕತ್ತರಿ ಒಯ್ಯುವುದನ್ನು ಬಿಟ್ಟರು. ಎರಡು ವರ್ಷಕ್ಕೆ ಕುಲುಮೆ ಮುಚ್ಚಿತು. ತಾಯಣ್ಣ ಬಸ್ ನಿಲ್ದಾಣದ ಹತ್ತಿರ ಕುಡುಗೋಲು, ಸಲಿಕೆ ಮಾರುವ ಸಣ್ಣ ಅಂಗಡಿ ಇಟ್ಟ. ಎಲ್ಲವೂ ಕಾರ್ಖಾನೆಯ ಮಾಲು.

ಆದೆಪ್ಪ ತನ್ನಿಂದಾದದ್ದನ್ನು ಮಾಡುತ್ತಲೇ ಇದ್ದ. ಬೇಡದಿದ್ದರೂ ವರ್ಷಕ್ಕೆರಡು ಕುಡುಗೋಲು ಆ ಅಂಗಡಿಯಿಂದ ತರುತ್ತಿದ್ದ. ಅವನ ಅಟ್ಟದ ಮೇಲೆ ಬಳಸದ ಹದಿನಾರು ಕುಡುಗೋಲು ಸೇರಿದವು. ಕುರುಮಯ್ಯನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಆದೆಪ್ಪಣ್ಣನಂಥವರು ಇರಬೇಕು ಎಂದು ಕುರುಮಯ್ಯ ಅಂದಾಗಲೆಲ್ಲ ಆದೆಪ್ಪ ರಸ್ತೆಯ ಕಡೆ ನೋಡುತ್ತಿದ್ದ.

ಹೀಗೆ ಹತ್ತು ವರ್ಷ ತುಂಬಲು ಬಂತು. ಹತ್ತನೆಯ ವರ್ಷದ ದಿನ ಕಾರನ್ನು ತಾನೇ ಗುಡ್ಡಕ್ಕೆ ಒಯ್ಯುತ್ತೇನೆಂದು ಶಿವಕಾಂತನ ಮಗಳು ವಿಜಯಶ್ರೀ ಹಟ ಹಿಡಿದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕಾರು ದುರಸ್ತಿಯಾಗಿತ್ತು. ಅರವತ್ತೆಂಟರ ಆದೆಪ್ಪನಿಗೆ ಕಣ್ಣು ಮಂಜಾಗಿದ್ದರಿಂದ ಅವಳಿಗೆ ಕಲಿಸುವ ಕೆಲಸ ಅವನ ಪಾಲಿಗೆ ಬಂತು. ಮೇ ತಿಂಗಳ ಒಂದು ಮುಂಜಾನೆ ಕಾರಿನ ಪಕ್ಕದಲ್ಲಿ ನಿಂತು ಅವನು ಹೇಳುತ್ತಾ ಹೋದ, ಅವಳು ವಹಿಯಲ್ಲಿ ಬರೆಯುತ್ತಾ ಹೋದಳು. ಪ್ರತಿ ನಿಯಮಕ್ಕೂ ಕಾರಣ ಕೇಳುತ್ತಿದ್ದಳು. ಬ್ರೇಕ್ ಏಕೆ ಬಿಟ್ಟು ಬಿಟ್ಟು ಒತ್ತಬೇಕು? ಶಾಖ ಆರಲು. ಗುಡ್ಡದ ನೆತ್ತಿಯಲ್ಲೇ ಏಕೆ ಗೇರು ಹಾಕಬೇಕು? ನಿಂತ ಗಾಡಿಗೆ ಮಾತ್ರ ಅದು ಸಲೀಸಾಗಿ ಬೀಳುವುದರಿಂದ. ನಡುವೆ ಏನೇ ಆದರೂ ಗೇರು ಬದಲಿಸಬಾರದು ಎಂದ ಮೇಲೆ ಅವಳ ಪೆನ್ನು ನಿಂತಿತು.

"ಬದಲ್ಸಿದ್ರ ಏನಾಗ್ತದ ಕಾಕಾ? ನೀವು ನೋಡೀರೇನು?"

ನೋಡಿಲ್ಲ ಎನ್ನಬಹುದಿತ್ತು. ಆದರೆ ಇನ್ನು ಹದಿನೈದು ದಿನಕ್ಕೆ ಈ ಹುಡುಗಿ ಅದೇ ಇಳಿಜಾರಿನಲ್ಲಿ ಅದೇ ಕೋಲಿಗೆ ಕೈ ಹಾಕುವವಳು. ಕಾರಣ ತಿಳಿಯದೆ ಹಿಡಿದ ನಿಯಮವನ್ನು ಯಾರೋ ನಕ್ಕಾಗ ಬಿಟ್ಟುಬಿಡಬಹುದು. ಕಾರಣ ತಿಳಿದವನೇ ಬಿಟ್ಟಿದ್ದ.

"ನೋಡಿಲ್ಲವ್ವ, ನಾನ ಮಾಡೀನಿ" ಎಂದ ಆದೆಪ್ಪ. "ಅವತ್ತು ಸರಳು ಕಡಿದಿರಲಿಲ್ಲ. ಗೇರು ನಾ ಬಿಟ್ಟೆ."

ಉಳಿದದ್ದನ್ನು ಅವನು ಒಂದೂ ಬಿಡದೆ ಹೇಳಿದ, ಕೃಷ್ಣೆಗೆ ಹಾಕಿದ ಸರಳಿನ ತನಕ. ವಿಜಯಶ್ರೀ ವಹಿ ಮುಚ್ಚಿದಳು. ಆಮೇಲೆ, ಇದನ್ನು ನನಗೊಬ್ಬಳಿಗೆ ಹೇಳಿದರೆ ಸಾಲದು, ಅಲ್ಲವೇ ಎಂದಷ್ಟೇ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆದೆಪ್ಪನಿಗೆ ಸುಲಭವಾಗುತ್ತಿತ್ತು.

ಅಂದೇ ಮಧ್ಯಾಹ್ನ ಅವನು ಮಕ್ತಲಿಗೆ ಬಂದು ತಾಯಣ್ಣನ ಅಂಗಡಿಯ ಮುಂದೆ ನಿಂತ. ಮತ್ತೆ ಕುಡುಗೋಲು ಬೇಕೇನು, ಅಷ್ಟು ಹುಲ್ಲು ಎಲ್ಲಿ ಬೆಳೆಯುತ್ತೀ ಎಂದು ತಾಯಣ್ಣ ಚೇಷ್ಟೆ ಮಾಡಿದ. ಆದೆಪ್ಪ ನಿಂತೇ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ತಾಯಣ್ಣ ಸ್ಟೂಲಿನಿಂದ ಎದ್ದಿದ್ದ. ಹೊಡೆಯಬಹುದೆಂದು ಆದೆಪ್ಪ ಕಾದ. ತಾಯಣ್ಣ ತನ್ನ ಬಲಗೈಯನ್ನು ಮುಂದೆ ಹಿಡಿದು, ಬೇರೆಯವರದೆಂಬಂತೆ ಅದನ್ನು ನೋಡಿದ.

"ಜನ ಬಿಟ್ಟಿದ್ದಕ್ಕ ನಾ ಕುಲುಮಿ ಮುಚ್ಚಲಿಲ್ಲ ಆದೆಪ್ಪಣ್ಣ" ಎಂದ. "ಆ ಸರಳು ಕಾಸುವಾಗ ಯಾರ ಕೂಡೋ ಮಾತಾಡಿದ್ದೆ. ಕಬ್ಬಿಣ ಹೆಚ್ಚಿಗಿ ಕಾದಿತ್ತೇನೋ ಅಂತ ತಲಿಯಾಗ ಹೊಕ್ತು. ಆಮ್ಯಾಲೆ ಏನ ಬಡಿದ್ರೂ ಇದೂ ಮುರೀತೈತಿ ಅನಸ್ತಿತ್ತು. ಒಬ್ಬನ ಕಾಲು ತೆಗದೀನಿ, ಇನ್ನೊಬ್ಬಂದು ಬ್ಯಾಡ ಅಂತ ಮುಚ್ಚಿದೆ."

ಇದು ಆದೆಪ್ಪನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಅವನು ತಾಯಣ್ಣನ ಹೆಸರು ಕೆಡಿಸಿದೆನೆಂದು ಕೊರಗಿದ್ದ. ಆ ಕೈಯ ನಂಬಿಕೆಯನ್ನೇ ತೆಗೆದುಕೊಂಡಿದ್ದೇನೆಂದು ಒಂದು ದಿನವೂ ಹೊಳೆದಿರಲಿಲ್ಲ. ಕಾಲು ಹಿಡಿಯಲು ಬಗ್ಗಿದ. ತಾಯಣ್ಣ ಹಿಂದೆ ಸರಿದ.

"ಇಲ್ಲಿ ಬ್ಯಾಡ. ಶಾಲು ಎಲ್ಲಿ ಹೊದಿಸಿಕೊಂಡಿ, ಅಲ್ಲಿ ಹೇಳು. ಕುರುಮಯ್ಯನೂ ಕೇಳಲಿ."

ಜೂನ್ ಎರಡರಂದು ಗುಡ್ಡದ ಬುಡದಲ್ಲಿ ಜನ ಸೇರಿದರು, ಮೊದಲಿನಷ್ಟಲ್ಲ. ಕಾರು ಏರುವ ಮೊದಲು ಆದೆಪ್ಪ ಮುಂದೆ ಬಂದು ಹೇಳಿದ. ಶಿವಕಾಂತ ತಾನು ಜನರನ್ನು ನಗಿಸಿದ್ದಕ್ಕೇ ಆಯಿತೇನೋ ಎಂದು ತಪ್ಪನ್ನು ಅರ್ಧ ತನ್ನ ಮೇಲೆ ಎಳೆದುಕೊಳ್ಳಲು ನೋಡಿದ, ಆದೆಪ್ಪ ಬಿಡಲಿಲ್ಲ. ನಕ್ಕವರು ಗೇರಿಗೆ ಕೈ ಹಾಕಿರಲಿಲ್ಲ ಎಂದ. ಕಡೆಗೆ ಎಲ್ಲರೂ ಕುರುಮಯ್ಯನ ಕಡೆ ನೋಡಿದರು. ಅವನು ಕೋಲೂರಿಕೊಂಡು ನಿಧಾನವಾಗಿ ನಡೆದು ಬಂದ. ಆದೆಪ್ಪನನ್ನು ದಾಟಿ ಹೋಗಿ ತಾಯಣ್ಣನ ಮುಂದೆ ನಿಂತ.

"ಹತ್ತು ವರ್ಷ ನಿನ್ನ ಮುಂದ ಹಾದ್ರ ಉಗುಳ್ತಿದ್ದೆ" ಎಂದ. "ಏನಂತ ಹೇಳಲೋ ತಮ್ಮಾ." ಆಮೇಲೆ, ಉಣ್ಣೆ ಕತ್ತರಿ ಈಗಲೂ ಬಡಿಯುತ್ತೀಯೇನು ಎಂದು ಕೇಳಿದ.

ಕುಲುಮೆ ಕೆಡವಿ ಎಂಟು ವರ್ಷವಾಯಿತು ಎಂದ ತಾಯಣ್ಣ. ಕೈ ಈಗ ಹೇಗಿದೆಯೋ ತನಗೇ ತಿಳಿಯದು ಎಂದ.

ವಿಜಯಶ್ರೀ ಕಾರು ಏರಿಸಿದಳು, ನೆತ್ತಿಯಲ್ಲಿ ಪೂರ್ತಿ ನಿಲ್ಲಿಸಿ ಮೊದಲ ಗೇರಿಗೆ ಹಾಕಿ ಇಳಿಸಿದಳು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಆದೆಪ್ಪ ಅದನ್ನು ದೂರದಿಂದ ನೋಡಿದ. ಸಂಜೆ ಮಕ್ತಲಿಗೆ ಹೋಗುವ ಆಟೋದಲ್ಲಿ ತಾಯಣ್ಣ ಮೊದಲೇ ಕೂತಿದ್ದ. ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. ಹತ್ತಲೋ ಬೇಡವೋ ಎಂದು ಆದೆಪ್ಪ ನಿಂತ. ತಾಯಣ್ಣ ಹೊರಗೆ ನೋಡುತ್ತಾ ಸ್ವಲ್ಪ ಸರಿದು ಕೂತ. ಆದೆಪ್ಪ ಹತ್ತಿದ.