ಮೊದಲ ಸೇರು

ದುಡ್ಡಿದ್ದವರು ಸಾಹಸ ಮಾಡುತ್ತೇವೆಂದು ಕಾಡಿಗೋ ಹೊಳೆಗೋ ಬಂದು ಸಿಕ್ಕಿಕೊಂಡರೆ, ಅವರನ್ನು ಉಳಿಸುವಾಗ ಆಗುವ ನಷ್ಟವನ್ನು ಯಾರು ತುಂಬಬೇಕು? ಹನೂರಿನ ಹೋಟೆಲಿನಲ್ಲಿ ಈ ಮಾತು ಎದ್ದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವನು ನಾನು. ಆ ವಿಷಯದಲ್ಲಿ ಬಾಯಿ ತೆರೆಯುವ ಯೋಗ್ಯತೆ ಇಲ್ಲದಿದ್ದವನೂ ನಾನೇ. ಅದು ಯಾಕೆಂದು ಬರೆದಿಡದೆ ಹೋದರೆ ನನಗೆ ಸಮಾಧಾನವಿಲ್ಲ.

ನಾನು ಯಳಂದೂರು ಕಡೆಯ ಗದ್ದೆ ಬಯಲಿನವನು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ. ಕಾಡಂಚಿನ ಊರುಗಳಲ್ಲಿ ರಾಗಿ, ಹುರುಳಿ, ಕಡ್ಲೆಕಾಯಿ ಕೊಂಡು ಕೊಳ್ಳೇಗಾಲದ ಮಂಡಿಗೆ ಹಾಕುವುದು ನನ್ನ ವ್ಯಾಪಾರ. ಹೂಗ್ಯಂನಲ್ಲಿ ನನಗೆ ಯಾವಾಗಲೂ ಮಾಲು ಕೊಡುತ್ತಿದ್ದ ಒಬ್ಬ ರೈತನಿದ್ದ. ತೂಕದಲ್ಲಿ ಕಲ್ಲು ಮಣ್ಣು ಇಲ್ಲದ ಮಾಲು, ಎರಡು ಮಾತಿಲ್ಲದ ಮನುಷ್ಯ. ಅವನ ಎತ್ತುಗಳ ಮೇಲಿಂದ ನನಗೆ ಕಣ್ಣು ಕೀಳಲಾಗುತ್ತಿರಲಿಲ್ಲ. ಬರಗೂರು ಬೆಟ್ಟದ ತಳಿ, ಕೆಂಪು ಮೈ, ಅದರ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಮಚ್ಚೆ. ಹೊಸಬರು ಹತ್ತಿರ ಹೋದರೆ ಬುಸ್ಸೆನ್ನುತ್ತಿದ್ದವು. ಅವನು ನಾಲಗೆ ಲೊಟಕ್ ಅನ್ನಿಸಿದರೆ ಬಂದು ಅವನ ಹೆಗಲಿಗೆ ಮೂತಿ ಇಡುತ್ತಿದ್ದವು.

ಎಂಬತ್ತರ ದಶಕದ ಕೊನೆಯ ಹೊತ್ತು. ಹಿಂಗಾರು ಹಿಡಿದಿತ್ತು, ಊರಲ್ಲಿ ಹುರುಳಿ ಬಿತ್ತನೆಗೆ ನೆಲ ಹಸನು ಮಾಡುತ್ತಿದ್ದರು. ನಾನು ಮಾಲು ಕೊಳ್ಳಲು ಲಾರಿ ತೆಗೆದುಕೊಂಡು ಹೋಗಿದ್ದೆ. ಆ ದಿನವೇ ಬೆಂಗಳೂರಿನಿಂದ ಮೂವರು ಒಂದು ಜೀಪಿನಲ್ಲಿ ಬಂದರು. ಅವರಲ್ಲಿ ಹಿರಿಯನು ಯಾವುದೋ ಕಾರ್ಖಾನೆಯ ಯಜಮಾನ, ಐವತ್ತು ದಾಟಿದ ದಪ್ಪ ಆಳು. ಹಳ್ಳದ ಮರಳಿನಲ್ಲೇ ಜೀಪು ಓಡಿಸಿಕೊಂಡು ಕಾಡಿನೊಳಗೆ ಹೋಗಿ, ಅಲ್ಲೇ ಡೇರೆ ಹಾಕಿ ಮಲಗಬೇಕೆಂಬುದು ಅವರ ಆಸೆ. ಅವರಿಗೆ ಕನ್ನಡ ಬರದು. ಹಾಗಾಗಿ ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನದಾಯಿತು. ನನ್ನ ಹೈಸ್ಕೂಲು ಇಂಗ್ಲಿಷು ಅಷ್ಟು ಜನರ ಮುಂದೆ ಎಂದೂ ಮೆರೆದಿರಲಿಲ್ಲ.

"ಬ್ಯಾಡ ಅನ್ನಿ ಸಾವ್ಕಾರ್ರೆ" ಎಂದ ನನ್ನ ರೈತ. "ಬೆಟ್ಟದ್ಮೇಲೆ ಮೋಡ ಕಪ್ಗೆ ಕಟ್ಟ್ಯದೆ. ಹಳ್ಳ ಹೇಳಿ ಕೇಳಿ ಬರಾದಿಲ್ಲ."

ನಾನು ಹೇಳಿದೆ. ಹಿರಿಯನು ನಕ್ಕು, ಅದಕ್ಕೇ ಬಂದಿರುವುದು ಎಂದ. ಅದನ್ನು ಕನ್ನಡಕ್ಕೆ ತಂದಾಗ ಟೀ ಅಂಗಡಿಯ ಮುದುಕ ಬೀಡಿ ತೆಗೆದು, "ಸಾಯಕ್ಕೆ ಜೀಪಲ್ಲಿ ಬರೋರ್ನ ಇವತ್ತೇ ಕಂಡಿದ್ದು ಕಣ್ಲಾ, ನಮ್ಮೋರೆಲ್ಲ ನಡ್ಕಂಡೇ ಓಯ್ತಾರೆ" ಎಂದ.

ಹೊತ್ತು ಇಳಿಯುವ ಮುಂಚೆ ಆ ಮೂವರಲ್ಲಿ ಇಬ್ಬರು ಮೈಯೆಲ್ಲ ಕೆಸರಾಗಿ ಊರಿಗೆ ಓಡಿ ಬಂದರು. ಬೆಟ್ಟದಲ್ಲಿ ಸುರಿದ ಮಳೆ ಒಮ್ಮೆಗೇ ಹಳ್ಳಕ್ಕೆ ಇಳಿದಿತ್ತು. ಜೀಪು ಮಗುಚಿಕೊಂಡು ಹೋಗಿತ್ತು. ಹಿರಿಯನು ಕಾಲು ಮುರಿದುಕೊಂಡು ಹಳ್ಳದ ನಡುವಿನ ಬಂಡೆಯ ಮೇಲೆ ಉಳಿದಿದ್ದ.

ಯಾರೂ ಯಾರನ್ನೂ ಕರೆಯಲಿಲ್ಲ. ಒಬ್ಬ ನೇಗಿಲನ್ನು ಸಾಲಿನಲ್ಲೇ ಬಿಟ್ಟು ಬಂದ. ಇನ್ನೊಬ್ಬ ಅರ್ಧ ಉಂಡ ಕೈಯಲ್ಲೇ ಬಂದ. ಮನೆಗೊಬ್ಬರಂತೆ ಹಗ್ಗ ಹಿಡಿದು ಹಳ್ಳದ ದಡದಲ್ಲಿ ಸೇರಿದರು. ಬೆಳಿಗ್ಗೆ ಆ ಜನರನ್ನು ಹಾಸ್ಯ ಮಾಡಿದ್ದ ಮುದುಕನೇ ಎಲ್ಲರಿಗಿಂತ ಮುಂದೆ ನಿಂತು ಬಂಡೆಯ ಕಡೆಗೆ, "ಎದ್ರಬ್ಯಾಡ ಕಣಪ್ಪಾ, ಬಂದ್ವಿ, ಬಂದ್ವಿ" ಎಂದು ಕೂಗುತ್ತಿದ್ದ. ಬಂಡೆಯ ಮೇಲಿದ್ದವನಿಗೆ ಅದರ ಒಂದಕ್ಷರವೂ ಅರ್ಥವಾಗಿರಲಾರದು. ಆದರೆ ಅವನು ಆ ದನಿಯ ಕಡೆಗೇ ಮುಖ ತಿರುಗಿಸಿ ಕೂತಿದ್ದ.

ಎಸೆದ ಹಗ್ಗ ಬಂಡೆಯವರೆಗೆ ಮುಟ್ಟಲಿಲ್ಲ. ಆಗ ನನ್ನ ರೈತ ಎತ್ತುಗಳನ್ನು ಹೊಡೆದುಕೊಂಡು ಬಂದ. ನೊಗ ಕಟ್ಟಿದ್ದ, ಗಾಡಿ ಇರಲಿಲ್ಲ. ಆ ಕಡೆಯವರು ತುಂಬಿದ ಹಳ್ಳವನ್ನು ಎತ್ತಿನ ಬಾಲ ಹಿಡಿದು ದಾಟುವುದನ್ನು ಕೇಳಿದ್ದೆ, ಕಂಡಿರಲಿಲ್ಲ. ಅವನ ಹೆಂಡತಿ ದಡದಲ್ಲಿ ನಿಂತು, "ಎಡಗಡೆದು ನೀರ್ ಕಂಡ್ರೆ ಅಳುಕ್ತದೆ, ಅದರ್ ಪಕ್ಕ ಇರು" ಎಂದಳು. ಹೋಗಬೇಡ ಎನ್ನಲಿಲ್ಲ.

ಅವನು ಬಂಡೆ ಮುಟ್ಟಿದ. ಗಾಯಾಳುವನ್ನು ನೊಗಕ್ಕೆ ಹಗ್ಗದಿಂದ ಬಿಗಿದ. ತಿರುಗಿ ಬರುವಾಗ ಎಡಗಡೆಯ ಎತ್ತಿನ ಮುಂಗಾಲು ಎರಡು ಕಲ್ಲುಗಳ ಸಂದಿಗೆ ಇಳಿಯಿತು. ಮುರಿದ ಸದ್ದು ನೀರಿನ ಮೊರೆತದಲ್ಲೂ ನಮಗೆ ಕೇಳಿಸಿತು. ಅವನು ಅಲ್ಲೇ ಅದರ ಕಣ್ಣಿ ಬಿಚ್ಚಿ, ಬಲಗಡೆಯದರ ಜೊತೆ ಗಾಯಾಳುವನ್ನು ದಡಕ್ಕೆ ತಂದು ನಮ್ಮ ಕೈಗೆ ಕೊಟ್ಟು, ಮತ್ತೆ ನೀರಿಗಿಳಿದು ಬಿದ್ದ ಎತ್ತಿನ ಹತ್ತಿರ ಹೋದ. ನೀರು ಇಳಿಯುವವರೆಗೂ ಅದರ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿ ಹಿಡಿದು ಕೂತಿದ್ದ. ಊರವರು ಅದನ್ನು ದಡಕ್ಕೆ ಎಳೆದು ತಂದರು. ಬೆಳಗಾಗುವಾಗ ಅದು ಸತ್ತಿತು.

ನಾನು ಬದುಕಿನಲ್ಲಿ ಅನೇಕ ದೊಡ್ಡ ಮನುಷ್ಯರನ್ನು ಕಂಡಿದ್ದೇನೆ. ಆ ಸಂಜೆ ಹಳ್ಳದೊಳಗೆ ಕೂತಿದ್ದವನಷ್ಟು ದೊಡ್ಡವನನ್ನು ಕಾಣಲಿಲ್ಲ.

ಇನ್ನು ನನ್ನ ತಪ್ಪು.

ಬೆಳಿಗ್ಗೆ ಆ ಹಿರಿಯನನ್ನು ನನ್ನ ಲಾರಿಯಲ್ಲೇ ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸುವುದೆಂದಾಯಿತು. ಬಿದಿರಿನ ದಬ್ಬೆ ಕಟ್ಟಿದ ಕಾಲು ಊದಿಕೊಂಡಿತ್ತು. ಅಂಥ ನೋವಿನಲ್ಲೂ ಅವನು ಮೊದಲು ಕೇಳಿದ್ದು ಎತ್ತಿನ ವಿಷಯ. ನನ್ನ ಹಣವೆಲ್ಲ ಜೀಪಿನ ಜೊತೆ ಹೋಯಿತು, ಊರಿಗೆ ಹೋಗಿ ಕಳಿಸುತ್ತೇನೆ, ಆ ಎತ್ತಿಗೆ ಎಷ್ಟಾಗುತ್ತದೆ, ಬಂದ ಜನಕ್ಕೆಲ್ಲ ಏನು ಕೊಡಬೇಕು, ಯಾರ ಹೆಸರಿಗೆ ಕಳಿಸಲಿ, ಹೇಳಿ ಎಂದ. ತಪ್ಪು ನನ್ನದು, ಬೇಡವೆಂದರೂ ಹೋದವನು ನಾನು, ಆದ್ದರಿಂದ ಕೊಡಬೇಕಾದವನೂ ನಾನೇ ಎಂದು ಸ್ಪಷ್ಟವಾಗಿ ಹೇಳಿದ. ಈಗ ಯೋಚಿಸಿದರೆ ಅವನೂ ಸಣ್ಣ ಮನುಷ್ಯನಲ್ಲ.

ಊರವರು ಸುತ್ತ ನಿಂತಿದ್ದರು. ಯಾರಿಗೂ ಆ ಮಾತು ತಿಳಿಯುತ್ತಿರಲಿಲ್ಲ. ನಾನು ಒಬ್ಬರನ್ನೂ ಕೇಳದೆ ಎದೆ ಸೆಟೆಸಿ ಇಂಗ್ಲಿಷಿನಲ್ಲಿ ಹೇಳಿದೆ: "ಈ ಊರಿನವರು ಉಳಿಸಿದ ಪ್ರಾಣಕ್ಕೆ ಹಣ ಮುಟ್ಟುವುದಿಲ್ಲ. ಹಣದ ಮಾತಾಡಿದರೆ ನೊಂದುಕೊಳ್ಳುತ್ತಾರೆ."

ಆ ಮನುಷ್ಯನ ಕಣ್ಣು ತುಂಬಿತು. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಎತ್ತು ಯಾರದೋ, ನೀರಿಗಿಳಿದವನು ಯಾರೋ, ಆ ಕಣ್ಣೀರಿನ ಮರ್ಯಾದೆ ಮಾತ್ರ ನನಗೆ ಬಂತು. ಅದು ಎಷ್ಟು ಹಿತವಾಗಿತ್ತೆಂದು ಹೇಳಲು ಇವತ್ತೂ ನಾಚಿಕೆಯಾಗುತ್ತದೆ.

"ಏನಂದ್ರು ಸಾವ್ಕಾರ್ರೆ?" ಎಂದು ರೈತ ಕೇಳಿದ.

"ನಿಮ್ಮನ್ನ ದೇವರಂಥ ಜನ ಅಂದ್ರು" ಎಂದೆ.

ಅವನು ತಲೆಯಾಡಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಆ ಹಿರಿಯನು ಇನ್ನೊಂದು ಸಲ, ಎತ್ತಿನದಾದರೂ ಕೊಡುತ್ತೇನೆ ಎಂದ. ನಾನು ಇನ್ನೊಂದು ಸಲ ತಡೆದೆ. ಅವನು ಬರೆದುಕೊಟ್ಟ ವಿಳಾಸದ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಉಳಿದು ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಯಿತು.

ನಾನು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆ ಊರಿನವರು ಹುಡುಕಿದ್ದಕ್ಕೆ, ಉಳಿಸಿದ್ದಕ್ಕೆ ಕೂಲಿ ತೆಗೆದುಕೊಳ್ಳುವವರಲ್ಲ. ಆದರೆ ಆ ಕಟ್ಟಳೆಗೆ ಇನ್ನೊಂದು ಅರ್ಧವಿತ್ತು. ಬಯಲಿನವನಾದ ನನಗೆ ಅದು ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ಮುಂದಿನ ವಾರ ಮಾಲಿಗೆ ಹೋದಾಗ ಕಣ್ಣಾರೆ ಕಂಡೆ.

ಚಾವಡಿಯ ಮುಂದೆ ಒಂದು ಕಂಬಳಿ ಹಾಸಿದ್ದರು. ಮನೆಮನೆಯವರೂ ರಾಗಿ ತಂದು ನಿಂತಿದ್ದರು. ಇನ್ನೊಬ್ಬರನ್ನು ಉಳಿಸಲು ಹೋಗಿ ಯಾರಿಗಾದರೂ ನಷ್ಟವಾದರೆ, ಊರೆಲ್ಲ ಸೇರಿ ರಾಗಿ ಅಳೆದು ರಾಶಿ ಮಾಡಿ ಅವನಿಗೆ ಕೊಡುವುದು ಅಲ್ಲಿನ ರೂಢಿ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಆದರೆ ಮೊದಲ ಸೇರು, ಯಾರ ಪ್ರಾಣ ಉಳಿಯಿತೋ ಅವನ ಮನೆಯಿಂದಲೇ ಬೀಳಬೇಕು. ಅವನು ಬಡವನಾದರೆ ಒಂದು ಹಿಡಿ ಹಾಕಿದರೂ ಸಾಕು, ಸಾಹುಕಾರನಾದರೆ ತನ್ನ ಶಕ್ತಿಯಿದ್ದಷ್ಟು. ಅದು ಬಿದ್ದ ಮೇಲೆಯೇ ಉಳಿದವರು ಹಾಕುವುದು. ಜನ ಕಾಯುತ್ತಿದ್ದರು, ಕಂಬಳಿ ಬರಿದಾಗಿತ್ತು.

"ಬೆಂಗ್ಳೂರೋರು ಏನೂ ಕೊಟ್ ಕಳಿಸ್ನಿಲ್ವಾ ಸಾವ್ಕಾರ್ರೆ?" ಎಂದು ಊರ ಗೌಡ ನನ್ನನ್ನೇ ಕೇಳಿದ.

ಆಗಲೂ ಹೇಳಬಹುದಿತ್ತು. "ಇಲ್ಲ" ಎಂದೆ.

"ಜೀಪಿದ್ದೋನ್ಗೆ ಒಂದ್ ಸೇರು ರಾಗಿ ಉಟ್ನಿಲ್ವಲ್ಲೋ!" ಎಂದ ಟೀ ಅಂಗಡಿಯ ಮುದುಕ. ಎಲ್ಲರೂ ಉಗಿದರು. ಯಾರೋ, ಸತ್ತ ಎತ್ತಿನ ಶಾಪ ಅವನ ಮನೆಗೆ ತಟ್ಟಲಿ ಎಂದರು.

ಆಗ ರೈತನ ಹೆಂಡತಿ ಮನೆಗೆ ಹೋಗಿ ಸೇರು ತುಂಬ ರಾಗಿ ತಂದಳು. ಎತ್ತು ಕಳೆದುಕೊಂಡ ಮನೆಯವಳು ಅವಳೇ. "ಸುಮ್ಕಿರ್ರಪ್ಪ. ಅವ್ರ ಕಷ್ಟ ಏನದೋ. ಕಾಲ್ ಮುರ್ದು ಮಲಗವ್ರೆ. ನಮ್ಮ ಹಳ್ಳದ ನೀರ್ ಕುಡ್ದು ಬದುಕ್ದೋರು ನಮ್ಮನೆಯೋರೇ. ಅವ್ರ ಪಾಲು ನಾನ್ ಹಾಕ್ತೀನಿ" ಎಂದು ಕಂಬಳಿಯ ನಡುವೆ ಸುರಿದಳು. ಆಮೇಲೆ ಒಂದೊಂದೇ ಸೇರು ಬಿದ್ದವು. ನಾನೂ ಒಂದು ಚೀಲ ರಾಗಿ ಹಾಕಿದೆ. ಊರವರು ನನ್ನನ್ನು ಹೊಗಳಿದರು.

ಆ ರಾಶಿಯಿಂದ ಒಂದು ಎಳೆಯ ಹೋರಿಯಷ್ಟೇ ಬಂತು. ಅದು ಉಳಿದ ಎತ್ತಿಗೆ ಜೊತೆಯಾಗಲಿಲ್ಲ. ಆ ವರ್ಷ ನೆರೆಯವರು ಸರದಿಯ ಮೇಲೆ ಎತ್ತು ಕೊಟ್ಟರೂ ತಮ್ಮ ಹೊಲ ಮುಗಿಸಿದ ಮೇಲೆಯೇ ಕೊಡಬೇಕಲ್ಲ. ಅವನ ಹುರುಳಿ ತಡವಾಗಿ, ಅರ್ಧವೂ ಕೈಗೆ ಸಿಗಲಿಲ್ಲ. ಅವನು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಊರಲ್ಲಿ ಮಾತ್ರ ಒಂದು ಮಾತು ಹುಟ್ಟಿಕೊಂಡಿತು. ಉಪಕಾರ ಮರೆತವನನ್ನು ಕಂಡರೆ, "ಇವ್ನ್ಯಾರ್ಲಾ, ಬೆಂಗ್ಳೂರೋನು" ಎನ್ನತೊಡಗಿದರು. ಮಕ್ಕಳೂ ಆಟದಲ್ಲಿ ಜಗಳವಾಡಿ ಹಾಗೆ ಬೈಯುವುದನ್ನು ಕೇಳಿದ್ದೇನೆ.

ಆಮೇಲೆ ಕಾಡಿನಲ್ಲಿ ಕಾಡುಗಳ್ಳರ, ಪೊಲೀಸರ ಬಂದೂಕಿನ ಕಾಲ ಬಂತು. ಮೋಜಿಗೆಂದು ಆ ಕಡೆ ತಲೆ ಹಾಕುವವರು ಇಲ್ಲವಾದರು. ನಾನೂ ಮುದುಕನಾದೆ, ಮಾಲಿಗೆ ಹೋಗುವುದು ಕಡಿಮೆಯಾಯಿತು. ಎರಡು ಸಾವಿರನೇ ಇಸವಿ ಕಳೆದು ಆ ಕಾಲವೂ ಮುಗಿದ ಮೇಲೆ ಒಂದು ದಿನ ಹನೂರಿನ ಹೋಟೆಲಿನಲ್ಲಿ ಮತ್ತೆ ಅದೇ ಮಾತು ಎದ್ದಿತು. ಪೇಟೆಯ ಯಾರೋ ಬೆಟ್ಟ ಹತ್ತಲು ಬಂದು ದಾರಿ ತಪ್ಪಿ, ಹಳ್ಳಿಯವರು ಕೆಲಸ ಬಿಟ್ಟು ಹುಡುಕಿದ್ದರಂತೆ.

"ಕೊಬ್ಬು ಅವ್ರ್ದು, ಕೂಲಿ ಕಳ್ಕಳಾದು ನಾವು. ಸರ್ಕಾರ ಕೊಡ್ಲಿ" ಎಂದ ಒಬ್ಬ.

"ಸರ್ಕಾರ್ದ ದುಡ್ಡು ಯಾರ್ದ್ಲಾ, ನಿಮ್ಮಪ್ಪಂದಾ? ನಮ್ದೇ ಕಣ್ಲಾ" ಎಂದ ದೋಸೆ ಹೊಯ್ಯುವವನು.

"ಆ ಜನ ಬಿಡಿಗಾಸು ಕೊಡಲ್ಲ. ಹೂಗ್ಯಂನೋರ್ನ ಕೇಳಿ ನೋಡಿ" ಎಂದು ನಾನು ಮೇಜು ಗುದ್ದಿದೆ.

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಕೊಡುತ್ತೇನೆಂದು ಎರಡು ಸಲ ಬೇಡಿಕೊಂಡ ಮನುಷ್ಯನನ್ನು, ಅವನನ್ನು ತಡೆದ ನಾನೇ ಜಿಪುಣನೆಂದು ಸಾರುತ್ತಿದ್ದೆ. ಕಾಫಿ ಅಲ್ಲೇ ಬಿಟ್ಟು ಎದ್ದೆ. ಮಾರನೆಯ ದಿನ ಎತ್ತಿನ ಬೆಲೆಯ ಹಣ ಹಿಡಿದು ಹೂಗ್ಯಂ ಬಸ್ಸು ಹತ್ತಿದೆ.

ರೈತ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ. ಅವನ ಕೈ ಮಾತ್ರ ನಿಂತಿತು.

"ಕೊಡ್ತೀನಿ ಅಂದಿದ್ರಾ?"

"ಎರಡು ಸಲ ಅಂದ್ರು."

"ಅಯ್ಯೋ ಶಿವನೇ, ಅಂಥೋರ್ನ ಇಷ್ಟ್ ವರ್ಸ ಊರೆಲ್ಲ ಸೇರಿ ಬೈದ್ವಲ್ಲಾ!" ಎಂದ. ಅವನಿಗೆ ನೆನಪಾಗಿದ್ದು ಎತ್ತಲ್ಲ, ಹುರುಳಿಯಲ್ಲ, ಆ ಬೈಗುಳ.

ಹೆಂಡತಿ ನನ್ನನ್ನು ನೋಡಿ, "ಅಣ್ಣಾ, ಬ್ಯಾಡ ಅಂತ ಯೋಳಾದಿದ್ರೆ ನಾವೇ ಯೋಳ್ತಿದ್ವಿ. ನಮ್ ಬಾಯ್ನೂ ನೀನೇ ಇಸ್ಕಂಡ್ಬುಟ್ಯಲ್ಲ" ಎಂದಳು. ದನಿ ಏರಿಸಲಿಲ್ಲ.

ನಾನು ಹಣ ಮುಂದಿಟ್ಟೆ. ಅವನು ತಳ್ಳಿಬಿಡುತ್ತಾನೆಂದು ಒಳಗೊಳಗೇ ಅಂದುಕೊಂಡಿದ್ದೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಹೆಂಡತಿಯ ಮಡಿಲಿಗೆ ಹಾಕಿದ. "ಕೊಡಕ್ ಬಂದೋನ ಕೈ ತಡೀಬಾರ್ದು ಸಾವ್ಕಾರ್ರೆ. ಇದು ನಿಮ್ ಪಾಲಾಯ್ತು. ಅವ್ರ ಪಾಲು ಇನ್ನೂ ಅವ್ರತ್ರನೇ ಅದೆ. ನಡೀರಿ, ಮೊದ್ಲು ಊರ್ಗೆ ಯೋಳಿ."

ಚಾವಡಿಯಲ್ಲಿ ಎಲ್ಲರೆದುರು ನಿಂತು ಹೇಳಿದೆ. "ನಿಮ್ ಧರ್ಮ ದೊಡ್ದಾಗಿತ್ತು ಬುಡಿ, ಎತ್ತು ನಮ್ದು" ಎಂದು ಒಬ್ಬಳು ಮುದುಕಿ ಚುಚ್ಚಿದಳು. ಜನ ನಕ್ಕರು. ನಾನು ತಲೆ ತಗ್ಗಿಸಿದೆ. ಗೌಡನ ಮಗ, ಈಗ ಅವನೇ ಗೌಡ, ಇನ್ನು ಆ ಬೈಗುಳವನ್ನು ಊರಲ್ಲಿ ಯಾರೂ ಆಡಕೂಡದು ಎಂದ. ಆ ಬೆಂಗಳೂರಿನವರನ್ನು ಹುಡುಕುವ ಹೊಣೆಯನ್ನು ನನಗೆ ಹೊರಿಸಿದರು.

ಹುಡುಕಿದೆ, ಸಿಗಲಿಲ್ಲ. ಹೆಸರು ಸರಿಯಾಗಿ ನೆನಪಿಲ್ಲದವನಿಗೆ ಅಷ್ಟು ದೊಡ್ಡ ಊರಲ್ಲಿ ಯಾರು ದಾರಿ ತೋರಿಸುತ್ತಾರೆ? ಅದಕ್ಕೇ ಇದನ್ನು ಬರೆದೆ. ಹಳ್ಳದಲ್ಲಿ ಕಾಲು ಮುರಿದುಕೊಂಡ ಆ ಯಜಮಾನರಾಗಲಿ ಅವರ ಮನೆಯವರಾಗಲಿ ಇದನ್ನು ಓದಿದರೆ, ಯಾರಾದರೂ ಓದಿ ಅವರಿಗೆ ಹೇಳಿದರೆ, ಅವರು ಹೂಗ್ಯಂಗೆ ಬರಲಿ. ಆ ಗಂಡ ಹೆಂಡತಿ ಇನ್ನೂ ಗಟ್ಟಿಯಾಗಿದ್ದಾರೆ. ಬಂದವರು ಏನು ಕೊಟ್ಟರೂ, ಎಷ್ಟು ಕೊಟ್ಟರೂ ಅವರು ತೆಗೆದುಕೊಳ್ಳುತ್ತಾರೆ. ನಾನು ನಡುವೆ ನಿಲ್ಲುವುದಿಲ್ಲ.